ಪರದೆ ಹರಿದ ಜಾಗ

ವಿಜ್ಞಾನವನ್ನು ಕ್ರಮವಾಗಿ ಕಲಿತವರು ಯಾರಾದರೂ ಇದನ್ನು ಓದುವುದಾದರೆ ನನ್ನ ಮೇಲೆ ಮುನಿಸಿಕೊಳ್ಳಬಾರದು. ನಾನು ಹಗಲು ಮಂಜುಗಡ್ಡೆ ಕಾರ್ಖಾನೆಯಲ್ಲಿ ದುಡಿದು, ಸಂಜೆ ಬಸ್ಸು ಹಿಡಿದು ಕುಮಟೆಗೆ ಹೋಗಿ ಕಂಪ್ಯೂಟರ್ ರಿಪೇರಿ ಕಲಿತವಳು. ಗಣಿತದ ಪಾಠ ಶುರುವಾಗುವ ಹೊತ್ತಿಗೆ ಅರ್ಧ ತರಗತಿ ತೂಕಡಿಸುತ್ತಿತ್ತು. ಆ ಅರ್ಧದಲ್ಲಿ ನಾನೂ ಇದ್ದೆ. ಯಂತ್ರದ ಬಗ್ಗೆ ಇಲ್ಲಿ ಬರೆದದ್ದರಲ್ಲಿ ತಪ್ಪಿದ್ದರೆ ಅದು ನನ್ನ ತಿಳಿವಳಿಕೆಯ ಕೊರತೆ. ತಿಳಿದವರು ಬರೆಯಲಿ ಎಂದು ಕಾದೆ, ಯಾರೂ ಬರೆಯಲಿಲ್ಲ. ಯಂತ್ರದ ಕಂಪನಿಯವರ ವರದಿಯಲ್ಲಿ "ಪರದೆಯ ದೋಷ, ಸರಿಪಡಿಸಲಾಗಿದೆ" ಎಂದಷ್ಟೇ ಇದೆ. ಆ ಮಾತು ಸುಳ್ಳಲ್ಲ. ಆದರೆ ಅದನ್ನು ಓದಿದಾಗಲೆಲ್ಲ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಅದಕ್ಕೇ ಈ ಧೈರ್ಯ.

ನಮ್ಮದು ಬೇಲೆಮೂಲೆ ಎಂಬ ಸಣ್ಣ ಬಂದರು. ಮೀನುಗಾರರ ಸಂಘದ ಮಹಡಿಯಲ್ಲಿ ಒಂದು ಕೋಣೆ, ಅದರಲ್ಲಿ ಒಂದು ಕಂಪ್ಯೂಟರು, ಗೋಡೆಗೆ ಅಗಲವಾದ ಪರದೆ, ಪಕ್ಕದಲ್ಲೇ ಬೋಟುಗಳು ನಿಲ್ಲುವ ದಕ್ಕೆಗೆ ತೆರೆದುಕೊಳ್ಳುವ ಕಿಟಕಿ. ಕಡಲಿಗೆ ಹೋದ ಬೋಟುಗಳೆಲ್ಲ ಪರದೆಯ ನಕಾಶೆಯಲ್ಲಿ ಹಸಿರು ಚುಕ್ಕೆಗಳಾಗಿ ಕಾಣುತ್ತವೆ. ಪ್ರತಿ ಬೋಟಿನ ಮೇಲೂ ಒಂದು ಪೆಟ್ಟಿಗೆ ಇರುತ್ತದೆ. ಅದು ಆಗಾಗ ಉಪಗ್ರಹಕ್ಕೆ ತಾನಿರುವ ಜಾಗ ಹೇಳುತ್ತದೆ, ಉಪಗ್ರಹ ನಮಗೆ ಹೇಳುತ್ತದೆ. ಆ ಕಂಪ್ಯೂಟರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಪರದೆಯ ಚಿತ್ರವೇ ಊರವರ ಫೋನುಗಳಿಗೂ ಹೋಗುತ್ತದೆ.

ಪೆಟ್ಟಿಗೆ ಬಿಡುವು ಕೊಟ್ಟು ಮಾತಾಡುವುದರಿಂದ ಮೊದಲು ಚುಕ್ಕೆಗಳು ಕುಪ್ಪಳಿಸುತ್ತಿದ್ದವು. ಇಲ್ಲಿದ್ದ ಬೋಟು ಇದ್ದಕ್ಕಿದ್ದಂತೆ ಅಲ್ಲಿ. ಅದು ಸಾಲದೆಂದು ನಮ್ಮ ಜನರ ಒಂದು ರೂಢಿ ಬೇರೆ. ಬಂಗಡೆ ಮೀನಿನ ಹಿಂಡು ಕಂಡ ಕೂಡಲೇ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವನು, ಅನ್ನದ ಪಾತ್ರೆಯನ್ನು ಪೆಟ್ಟಿಗೆಯ ಮೇಲೆ ಬೋರಲು ಹಾಕುತ್ತಾನೆ. ಅಲ್ಯೂಮಿನಿಯಂ ಪಾತ್ರೆಯೊಳಗಿಂದ ಸುದ್ದಿ ಹೊರಗೆ ಹೋಗದು. ಹಿಂಡು ಎಲ್ಲಿದೆಯೆಂದು ಬೇರೆ ಬೋಟಿನವರಿಗೆ ತಿಳಿಯದು. ಬಲೆ ತುಂಬಿದ ಮೇಲೆ ಪಾತ್ರೆ ತೆಗೆದು ಅದರಲ್ಲೇ ಅನ್ನ ಮಾಡುತ್ತಾರೆ. ಇದು ಎಲ್ಲರಿಗೂ ಗೊತ್ತು, ಎಲ್ಲರೂ ಮಾಡುತ್ತಾರೆ, ಯಾರೂ ಬಾಯಿ ಬಿಡುವುದಿಲ್ಲ.

ಹೋದ ವರ್ಷ ಸಂಘ ಹೊಸ ಗ್ರಾಫಿಕ್ಸ್ ಕಾರ್ಡು ಹಾಕಿಸಿತು. ಆಟದ ಕಂಪ್ಯೂಟರುಗಳಿಗೆಂದು ಹುಟ್ಟಿದ ಕಾರ್ಡು ಅದು. ಎರಡು ನಿಜವಾದ ಚಿತ್ರಗಳ ನಡುವೆ ತಾನೇ ಊಹಿಸಿ ಇನ್ನಷ್ಟು ಚಿತ್ರ ಬಿಡಿಸುತ್ತದೆ, ಓಡುವ ಕುದುರೆ ನಿಜಕ್ಕೂ ನಯವಾಗಿ ಓಡಿದಂತೆ ಕಾಣುತ್ತದೆ. ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ನಿಂತು ಮಾತಾಡಿಸುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ಹಳೆಯ ಡ್ರೈವರ್ ಹೇಳಿದ್ದನ್ನು ಮಾತ್ರ ಬಿಡಿಸುತ್ತಿತ್ತು. ಹೊಸದು ಕಲಿಯುತ್ತಿತ್ತು. ಯಾವ ಬೋಟು ಯಾವ ಹೊತ್ತಿಗೆ ಎಲ್ಲಿ ತಿರುಗುತ್ತದೆ, ಯಾರು ಕಾಗೆಗುಡ್ಡದ ದ್ವೀಪವನ್ನು ಎಡಕ್ಕೆ ಬಿಟ್ಟು ಬರುತ್ತಾರೆ, ಯಾರು ಬಲಕ್ಕೆ, ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತಿತ್ತು. ಆಟದಲ್ಲಿ ಅದು ತುಂಬಬೇಕಾದದ್ದು ಕಣ್ಣೆವೆ ಬಡಿಯುವಷ್ಟು ಹೊತ್ತು. ನಮ್ಮಲ್ಲಿ ಅದು ಗಂಟೆಗಳನ್ನೇ ತುಂಬತೊಡಗಿತು.

ಚುಕ್ಕೆಗಳು ಕುಪ್ಪಳಿಸುವುದು ನಿಂತಿತು. ಪರದೆಯ ಮೇಲೆ ಬೋಟುಗಳು ಬಾತುಕೋಳಿಗಳ ಹಾಗೆ ತೇಲುತ್ತ ಬಂದವು. ಊಹೆ ಹೆಚ್ಚಿನ ಸಲ ಸರಿಯೇ ಇರುತ್ತಿತ್ತು. ಊರು ಬಹಳ ಬೇಗ ಅದಕ್ಕೆ ಒಗ್ಗಿತು. ಹೆಂಗಸರು ಫೋನು ನೋಡಿ ಅಕ್ಕಿ ತೊಳೆಯುವುದು, ಬುಟ್ಟಿ ಎತ್ತಿಕೊಂಡು ದಕ್ಕೆಗೆ ಇಳಿಯುವುದು. ವ್ಯಾಪಾರಿಗಳ ಟೆಂಪೊ ಕೂಡ ಚುಕ್ಕೆ ನೋಡಿಯೇ ಹೊರಡುತ್ತಿತ್ತು.

ನನ್ನ ತಮ್ಮ ಗಜಾನನ 'ಸಾಗರಮಲ್ಲಿಗೆ' ಎಂಬ ಬೋಟಿನ ತಾಂಡೇಲ. ಅವನು, ಅವನ ಹೆಂಡತಿ ತುಳಸು, ನಾನು, ಮೂವರೂ ಒಂದೇ ಮನೆ.

"ನಿನ್ನ ತಮ್ಮ ಬಾಗಿಲಿಗೆ ಬರೂಕೆ ಮೊದ್ಲು ಫೋನಲ್ಲಿ ಬತ್ತ, ಅಕ್ಕಾ," ಎಂದು ಒಂದು ದಿನ ತುಳಸು ಒಲೆಯ ಮುಂದೆ ಕೂತು ನಕ್ಕಳು. "ಮದುವೆ ಆದ ಹೊಸದ್ರಲ್ಲಿ ಹಿಂಗಿದ್ರೆ ಎಷ್ಟ್ ಚಲೋ ಇತ್ತು. ದಕ್ಕೆ ಮೇಲೆ ನಿಂತ್ ನಿಂತ್ ಕಾಲು ಕಲ್ಲಾಗಿತ್ತು."

ನನಗೆ ಸಮಾಧಾನವಿರಲಿಲ್ಲ. ಊಟಕ್ಕೆ ಕೂತ ಗಜಾನನನಿಗೆ ಹೇಳಿದೆ: "ನೀ ಪಾತ್ರೆ ಮುಚ್ಚಿದ್ರೂ ಪರದೆ ಮೇಲೆ ನಿನ್ನ ಬೋಟು ಓಡ್ತಾನೇ ಇರ್ತದೆ, ಗೊತ್ತದ್ಯಾ?"

"ಗೊತ್ತಿಲ್ದೆ? ಚಲೋ ಆಯ್ತಲ್ಲೆ! ಮೊದ್ಲು ಚುಕ್ಕೆ ನಿಂತ್ರೆ ಆ ತಾಂಡೇಲ ನಾಗೇಂದ್ರಂಗೆ ವಾಸನೆ ಬಡೀತಿತ್ತು. ಈಗ ನಾ ಬಂಗಡೆ ಮೇಲೆ ಕೂತಿದ್ರೂ ಅವಂಗೆ ನಾ ಮನೆಗ್ ಹೋದ ಹಾಂಗೆ ಕಾಣ್ತದೆ."

"ಏನಾದ್ರೂ ಆದ್ರೆ?"

"ಆದ್ರೆ ಪಾತ್ರೆ ತೆಗಿತೆ. ನಿಂಗೆ ಆ ಸಂಜೆ ಕ್ಲಾಸು ಹೆದ್ರೂದು ಒಂದೇ ಕಲ್ಸಿದ್ದು, ಮಾರಾಯ್ತಿ." ತುಳಸು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಮಾತು ಅಲ್ಲಿಗೆ ಮುಗಿಯಿತು. ನಾನೂ ಬಿಟ್ಟೆ.

ಡಿಸೆಂಬರಿನಲ್ಲಿ ಪರದೆ ಕೆಡಲು ಶುರುವಾಯಿತು. ಅಡ್ಡಡ್ಡ ಪಟ್ಟಿಗಳು ಬೀಳುತ್ತಿದ್ದವು. ಮೇಲಿನ ಅರ್ಧ ಚಿತ್ರ ಒಂದು ಕಡೆ, ಕೆಳಗಿನ ಅರ್ಧ ಇನ್ನೊಂದು ಕಡೆ ಸರಿದು ಮತ್ತೆ ಕೂಡಿಕೊಳ್ಳುತ್ತಿತ್ತು. ಕೆಲವು ಚುಕ್ಕೆಗಳು ಎರಡೆರಡಾಗಿ ಕಂಡು ಮಾಯವಾಗುತ್ತಿದ್ದವು.

ಸಂಘದ ಕಾರ್ಯದರ್ಶಿ ದಾಮೋದರ ಮೇಸ್ತರು ಸೊಂಟಕ್ಕೆ ಕೈ ಇಟ್ಟು ನಿಂತರು. "ಕಮಲಾಕ್ಷಿ, ಎಂತದೆ ಇದು? ಪರದೆ ಹರಿದ ಲುಂಗಿ ಆಗ್ಯದೆ!"

"ನೋಡ್ತೆ, ಸರ್."

"ನೋಡೂದಲ್ಲ, ಸರಿ ಮಾಡೂದು. ಮೀನುಗಾರಿಕೆ ಇಲಾಖೆಯವ್ರು ಬರೂರಿದ್ರು."

ತರಗತಿಯಲ್ಲಿ ಹೇಳಿಕೊಟ್ಟ ಕ್ರಮದಲ್ಲೇ ಹೊರಟೆ. ಮೊದಲು ಕೇಬಲ್ ಬದಲಿಸಿದೆ. ಪರದೆ ಚಿತ್ರ ಬದಲಾಯಿಸುವ ವೇಗ ಇಳಿಸಿದೆ. ಕಾರ್ಡು ಕಿತ್ತು, ಉಪ್ಪುಗಾಳಿಗೆ ಅದರ ಕಾಲುಗಳಿಗೆ ಹಿಡಿದಿದ್ದ ಹಸಿರು ಕಿಲುಬನ್ನು ರಬ್ಬರಿನಿಂದ ಉಜ್ಜಿದೆ. ಫ್ಯಾನಿನ ಧೂಳು ಊದಿದೆ, ಬಿಸಿ ಅಳೆದೆ. ಏನು ಮಾಡಿದರೂ ಪಟ್ಟಿ ಹೋಗಲಿಲ್ಲ. ನಾನು ಮಾಡಿದ್ದರಲ್ಲೇ ಏನೋ ತಪ್ಪಿರಬೇಕೆಂದು ಎಲ್ಲವನ್ನೂ ಇನ್ನೊಮ್ಮೆ ಮಾಡಿದೆ. ಆಮೇಲೆ ಮಾಡುವುದು ಬಿಟ್ಟು ಸುಮ್ಮನೆ ನೋಡುತ್ತ ಕೂತೆ.

ಹಾಗೆ ಕೂತಾಗ ಹೊಳೆಯಿತು. ಪರದೆ ಎಲ್ಲೆಂದರಲ್ಲಿ ಹರಿಯುತ್ತಿರಲಿಲ್ಲ. ಪಾತ್ರೆ ಮುಚ್ಚಿದ್ದ ಬೋಟು ಪಾತ್ರೆ ತೆಗೆದು ತನ್ನ ನಿಜವಾದ ಜಾಗ ಹೇಳಿದಾಗ, ಕಾರ್ಡು ಊಹಿಸಿದ ಜಾಗ ಬೇರೆ ಇದ್ದರೆ, ಸರಿಯಾಗಿ ಆ ಬೋಟಿನ ಸುತ್ತ ಪಟ್ಟಿ ಬೀಳುತ್ತಿತ್ತು. ಊಹೆಗೂ ಸುದ್ದಿಗೂ ಜಗಳ ಬಿದ್ದ ಕಡೆ ಪರದೆ ಹರಿಯುತ್ತಿತ್ತು. ನಾವು ದೋಷವೆಂದು ಕರೆದದ್ದು ಪರದೆ ಸತ್ಯ ಹೇಳುವ ಗಳಿಗೆಯಾಗಿತ್ತು.

ದಾಮೋದರ ಮೇಸ್ತರಿಗೆ ಹೇಳಿದೆ.

"ಅಂದ್ರೆ ನಾವು ನೋಡೂದೆಲ್ಲ ಸುಳ್ಳನಾ?"

"ಸುಳ್ಳಲ್ಲ ಸರ್. ಊಹೆ."

"ಊಹೆ ಸರಿಯಾಗ್ತಾ ಅದ್ಯಲ್ಲ?"

"ಹೆಚ್ಚಿನ ಸಲ."

"ಮತ್ತೆಂತಕ್ಕೆ ತಲೆಬಿಸಿ? ಗೆರೆ ಬೀಳೂದು ನಿಲ್ಸು. ಆ ಪಾತ್ರೆ ಸುದ್ದಿ ಇಲಾಖೆಯವ್ರ ಎದ್ರು ತೆಗಿಬೇಡ ಮತ್ತೆ, ಪುಣ್ಯಾತಗಿತ್ತಿ."

ಹಳೆಯ ಡ್ರೈವರಿಗೆ ಹಿಂದಿರುಗೋಣವೇ ಎಂದು ಕೇಳಿದೆ. ಚುಕ್ಕೆ ಮತ್ತೆ ಕುಪ್ಪಳಿಸಿದರೆ ಊರ ಹೆಂಗಸರು ಸಂಘಕ್ಕೆ ಬಂದು ಪೊರಕೆ ಎತ್ತುತ್ತಾರೆ ಎಂದರು. ಅದೂ ನಿಜವೇ.

ಮುಂದಿನ ಭಾನುವಾರ ಮಧ್ಯಾಹ್ನ ನಾನೂ ಮೇಸ್ತರೂ ಕೋಣೆಯಲ್ಲಿದ್ದೆವು. ತುಳಸು ಮೆಟ್ಟಿಲು ಹತ್ತಿ ಬಂದಳು. ಖಾಲಿ ಬುಟ್ಟಿ ಕಂಕುಳಲ್ಲೇ ಇತ್ತು, ಏದುಸಿರು ಬಿಡುತ್ತಿದ್ದಳು.

"ಅಕ್ಕಾ, ನಿನ್ನ ಟಿ.ವಿ.ಲಿ ಇವ್ರು ಬಂದದ್ದು ಎಷ್ಟ್ ಹೊತ್ತಾಯ್ತು. ದಕ್ಕೆಲಿ ಇಲ್ಲ."

ಪರದೆ ನೋಡಿದೆ. 'ಸಾಗರಮಲ್ಲಿಗೆ' ದಕ್ಕೆಯ ತುದಿಯಲ್ಲಿ, ಅದು ಯಾವಾಗಲೂ ನಿಲ್ಲುವ ಜಾಗದಲ್ಲಿ, ನಿಶ್ಚಿಂತೆಯಿಂದ ನಿಂತಿತ್ತು. ಕಿಟಕಿಯಲ್ಲಿ ನೋಡಿದೆ. ಆ ಜಾಗದಲ್ಲಿ ನೀರು ಕಲ್ಲಿಗೆ ಬಡಿಯುತ್ತಿತ್ತು.

ವೈರ್‌ಲೆಸ್‌ನಲ್ಲಿ ಕೂಗಿದೆವು. ಉತ್ತರವಿಲ್ಲ. ದಕ್ಕೆಗೆ ಆಗಷ್ಟೇ ಬಂದಿದ್ದ ನಾಗೇಂದ್ರನನ್ನು ಕಿಟಕಿಯಿಂದಲೇ ಕೇಳಿದೆವು. ಬೆಳಗಿನಿಂದ ಗಜಾನನನ ದನಿ ಕೇಳಿಲ್ಲ ಎಂದ. ಮೇಸ್ತರು ಕರಾವಳಿ ಪೊಲೀಸರ ಗಸ್ತು ದೋಣಿಯವರಿಗೆ ಫೋನು ಹಚ್ಚಿದರು. ಅವರು ಕೇಳಿದ ಮೊದಲ ಪ್ರಶ್ನೆ: ಕೊನೆಗೆ ಎಲ್ಲಿದ್ದರು?

ಅದು ನನಗೆ ಗೊತ್ತಿರಲಿಲ್ಲ. ಪೆಟ್ಟಿಗೆಗಳ ನಿಜವಾದ ಸುದ್ದಿ ಪರದೆಗೆ ಬರುವ ಮೊದಲೇ ಕಾರ್ಡು ಅದನ್ನು ಊಹೆಯೊಂದಿಗೆ ಬೆರೆಸಿಬಿಡುತ್ತಿತ್ತು. ಕಾರ್ಡಿನ ಕಂಪನಿಯ ಕಚೇರಿಗೆ ಫೋನು ಮಾಡಿದರೆ ಬರೀ ಸಂಗೀತ ಕೇಳಿಸಿತು. ಉಳಿದ ದಾರಿ ಒಂದೇ: ಹೊಸ ಡ್ರೈವರನ್ನು ಕಿತ್ತು, ಬರೀ ಸುದ್ದಿ ಮಾತ್ರ ಬಿಡಿಸುವ ಸಾದಾ ಡ್ರೈವರ್ ಹಾಕುವುದು. ಸುಮ್ಮನೆ ಹಿಂದಿನದಕ್ಕೆ ತಿರುಗಿಸಿದರೆ ಕಂಪ್ಯೂಟರು ತಾನಾಗಿ ಹೊಸದನ್ನೇ ಮತ್ತೆ ತಂದು ಕೂರಿಸುತ್ತಿತ್ತು. ಹಾಗೆ ಎರಡು ಸಲ ಆಯಿತು. ಬೇರುಸಹಿತ ಅಳಿಸಬೇಕು. ಅಳಿಸಿದರೆ ಅದು ಒಂದು ವರ್ಷದಿಂದ ಕಲಿತದ್ದೆಲ್ಲ ಹೋಗುತ್ತದೆ.

ಗುಂಡಿ ಒತ್ತಲು ಕೈ ಇಟ್ಟಿದ್ದೆ. ಆಗ ಪರದೆ ಹರಿಯಿತು.

ಒಂದು ತೆಳ್ಳನೆಯ ಪಟ್ಟಿ, ಕಾಗೆಗುಡ್ಡದಿಂದ ವಾಯವ್ಯಕ್ಕೆ. ಅದರಲ್ಲಿ 'ಸಾಗರಮಲ್ಲಿಗೆ'ಯ ಚುಕ್ಕೆ. ದಕ್ಕೆಯಲ್ಲಿದ್ದ ಚುಕ್ಕೆ ಅಲ್ಲೇ ಇತ್ತು, ಇದು ಇನ್ನೊಂದು. ಕಂಡಿತು, ಹೋಯಿತು. ಸ್ವಲ್ಪ ತಡೆದು ಅದೇ ಜಾಗದಲ್ಲಿ ಮತ್ತೆ.

"ಅದು! ಅದೆಂತದು?" ಎಂದಳು ತುಳಸು.

"ಗೊತ್ತಿಲ್ಲ. ಕಾರ್ಡಿನ ನೆನಪಿನಲ್ಲಿ ಉಳಿದ ಹಳೆಯ ಕಸ ಇರ್ಬಹುದು. ಕೆಟ್ಟ ಕಾರ್ಡಿನಲ್ಲಿ ಹಾಂಗೆ ಆಗ್ತದೆ."

ಫೋನಿನಲ್ಲಿ ಚಿತ್ರ ತೆಗೆಯಲು ನೋಡಿದೆ. ಪರದೆಯ ಫೋಟೋ ತೆಗೆದರೆ ಬರುವುದೇ ಕಪ್ಪು ಪಟ್ಟೆಗಳು. ಬೇಕಾದ ಪಟ್ಟಿ ಯಾವುದು, ಫೋನಿನ ಪಟ್ಟೆ ಯಾವುದು ತಿಳಿಯಲಿಲ್ಲ. ಮೂರನೆಯ ಸಲ ಚುಕ್ಕೆ ಕಂಡಾಗ ತುಳಸು ಸೀದಾ ಮುಂದೆ ಹೋಗಿ ಹಣೆಯ ಟಿಕ್ಳಿ ಕಿತ್ತು ಪರದೆಯ ಮೇಲೆ ಆ ಜಾಗಕ್ಕೆ ಅಂಟಿಸಿಬಿಟ್ಟಳು.

ಮೇಸ್ತರು ಕಿರುಚಿದರು. "ಏಯ್! ಗಂಡ ಕಡಲಲ್ಲಿರೂ ಹೊತ್ತಿಗೆ ಹಣೆದ್ ತೆಗಿತ್ರನೆ?"

ನಮ್ಮ ಕಡೆ ಬೋಟು ಹಿಂದಿರುಗುವವರೆಗೆ ಹೆಂಗಸರು ಹಣೆ ತೊಳೆಯಲೂ ಹೆದರುತ್ತಾರೆ. ಬಿದ್ದು ಹೋದೀತೆಂದು ಕೆಲವರು ಟಿಕ್ಳಿಯ ಜೊತೆ ಕುಂಕುಮವನ್ನೂ ಹಚ್ಚಿಕೊಂಡಿರುತ್ತಾರೆ.

"ಅವ್ರು ಬಂದ್ರೆ ಬೇರೆ ಹಚ್ಕಂತೆ," ಎಂದಳು ತುಳಸು. "ನೀ ಅಳ್ಸು ಅಕ್ಕಾ."

ದ್ವೀಪದಿಂದ ಟಿಕ್ಳಿ ಎಷ್ಟು ದೂರ, ಯಾವ ದಿಕ್ಕು ಎಂದು ಮೊದಲು ಸ್ಕೇಲಿಟ್ಟು ಅಳೆದುಕೊಂಡೆ. ಆಮೇಲೆ ಅಳಿಸಿದೆ.

ಪರದೆ ಕಪ್ಪಾಯಿತು. ಮತ್ತೆ ಬೆಳಕು ಬಂದಾಗ ಎಲ್ಲವೂ ದಪ್ಪ ದಪ್ಪ, ಮಕ್ಕಳು ಬರೆದ ಚಿತ್ರದಂತೆ. ನಕಾಶೆ ಹಿಗ್ಗಿ ಕಡಲೆಲ್ಲ ಪಕ್ಕಕ್ಕೆ ಸರಿದಿತ್ತು. ಟಿಕ್ಳಿ ಈಗ ಯಾವುದೋ ಗುಡ್ಡದ ಮೇಲೆ ಕೂತಿತ್ತು. ಅಳೆದುಕೊಳ್ಳದೆ ಇದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹಿಂದಿನ ಗಳಿಗೆಯವರೆಗೆ ಕಡಲು ತುಂಬ ಚುಕ್ಕೆಗಳಿದ್ದವು. ಈಗ ಅಲ್ಲೊಂದು ಇಲ್ಲೊಂದು.

"ಉಳಿದವ್ರೆಲ್ಲ ಎಲ್ಲಿಗ್ ಹೋದ್ರು?" ಎಂದು ಮೇಸ್ತರು ಎದ್ದು ನಿಂತರು.

"ಪಾತ್ರೆ ಕೆಳಗೆ, ಸರ್."

'ಸಾಗರಮಲ್ಲಿಗೆ'ಯ ಕೊನೆಯ ನಿಜ ಸುದ್ದಿ ಸಿಕ್ಕಿತು. ನಸುಕಿನದು. ದ್ವೀಪದಿಂದ ನೈರುತ್ಯಕ್ಕೆ, ಬಹಳ ದೂರ. ಟಿಕ್ಳಿ ಇಟ್ಟ ಜಾಗಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಗಸ್ತು ದೋಣಿಯ ಅಧಿಕಾರಿ ಫೋನಿನಲ್ಲಿ ತಾಳ್ಮೆಯಿಂದಲೇ ಕೇಳಿದರು: "ನೋಡಿ, ನನ್ನ ಹತ್ತಿರ ಒಂದೇ ದೋಣಿ ಇದೆ. ಕತ್ತಲಾಗುವುದರೊಳಗೆ ಒಂದು ಕಡೆ ಹುಡುಕಬಹುದು. ನೀವು ಎರಡು ಜಾಗ ಹೇಳ್ತಿದ್ದೀರಿ. ಎರಡನೆಯದಕ್ಕೆ ಆಧಾರ ಏನು?"

"ಪರದೆ ಹರಿದಾಗ ಕಂಡದ್ದು, ಸರ್."

"ಪರದೆ ಕೆಟ್ಟಿತ್ತು ಅಂತ ನೀವೇ ಹೇಳಿದಿರಿ."

"ಹೌದು."

"ಹಾಗಾದರೆ ಯಾವ ಕಡೆ ಹೋಗಲಿ?"

ತುಳಸು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಹಣೆಯಲ್ಲಿ ಟಿಕ್ಳಿಯ ಬಿಳಿ ಗುರುತು ಮಾತ್ರ ಇತ್ತು. ನನ್ನ ತಮ್ಮನ ಜೀವ ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ನನಗೆ ಗೊತ್ತಿದ್ದದ್ದು ಒಂದೇ. ಪೆಟ್ಟಿಗೆಯ ಸುದ್ದಿ ಸುದ್ದಿ, ಉಳಿದದ್ದು ಸುದ್ದಿಯಲ್ಲ. "ನೈರುತ್ಯಕ್ಕೆ ಹೋಗಿ, ಸರ್," ಎಂದೆ.

ಫೋನು ಇಟ್ಟ ಮೇಲೆ ತುಳಸುವಿನ ಕಡೆ ನೋಡಲು ಧೈರ್ಯವಾಗಲಿಲ್ಲ. ಅವಳೇ ನನ್ನ ಭುಜ ಮುಟ್ಟಿದಳು.

"ನೀ ನಿಂಗೆ ಗೊತ್ತಿದ್ದದ್ದ ಹೇಳ್ದೆ, ತಪ್ಪಲ್ಲ. ಗೊತ್ತಿಲ್ದೆ ಇದ್ದ ಕಡೆ ನಾ ಹೋಗ್ತೆ. ಆ ಟಿಕ್ಳಿ ಜಾಗ ಬರ್ದ್ ಕೊಡು."

ಕೆಳಗೆ ನಾಗೇಂದ್ರನ ಬೋಟಿನಲ್ಲಿ ಮೀನು ಇಳಿಸುತ್ತಿದ್ದರು. ಬೇರೆ ದಿನವಾಗಿದ್ದರೆ ಅವನಿಗೂ ಗಜಾನನನಿಗೂ ಮಾತಿಗೆ ಮಾತು ಜಗಳ. ತುಳಸು ಬೋಟಿನೊಳಗೆ ಕಾಲಿಟ್ಟೇ ಮಾತು ಶುರುಮಾಡಿದಳು.

"ಹೆಂಗಸ್ರು ಬೋಟ್ ಹತ್ತುಕಿಲ್ಲ, ಅತ್ತಿಗೆ," ಎಂದ ನಾಗೇಂದ್ರ.

"ಹಂಗಾದ್ರೆ ಇಳ್ಸಿ ನೋಡು."

"ಎಲ್ಲಿಗೆ ಹೋಗೂದು ಅಂತಾದ್ರೂ ಹೇಳ್ರಾ!"

ಅವಳ ಹಿಂದೆಯೇ ಇಳಿದು ಬಂದಿದ್ದ ನಾನು ಸ್ಕೇಲಿನ ಅಳತೆಯನ್ನು ಕಡಲಿನ ದೂರಕ್ಕೆ ತಿರುಗಿಸಿ, ತಪ್ಪಿರಬಹುದು, ದಿಕ್ಕು ಸ್ವಲ್ಪ ಆಚೀಚೆ ಆಗಬಹುದು, ಸ್ಕೇಲು ಜಾರಿರಬಹುದು ಎನ್ನುತ್ತಲೇ ಹೇಳಿದೆ. ನಾಗೇಂದ್ರ ನನ್ನನ್ನು ತಡೆದ. "ಕಮಲಕ್ಕ, ದೂರ ಒಂದು ಹೇಳಿ. ಸಂಶಯ ಎಲ್ಲ ನೀವೇ ಇಟ್ಕಣಿ." ಅರ್ಧ ಮೀನು ಬೋಟಿನಲ್ಲೇ ಇರುವಾಗ ಹಗ್ಗ ಬಿಚ್ಚಿದರು.

ಆಮೇಲಿನ ಹೊತ್ತನ್ನು ವಿವರಿಸಲು ನನ್ನಿಂದಾಗದು. ಪರದೆಯ ಮುಂದೆ ಕೂತಿದ್ದೆ, ಎದ್ದೆ, ಕೂತೆ. ನಾಗೇಂದ್ರನ ಚುಕ್ಕೆ ಕುಪ್ಪಳಿಸುತ್ತ ವಾಯವ್ಯಕ್ಕೆ ಹೋಗುತ್ತಿತ್ತು. ಒಂದು ನೆಗೆತಕ್ಕೂ ಇನ್ನೊಂದಕ್ಕೂ ನಡುವೆ ಏನೂ ಇರಲಿಲ್ಲ. ಆ ಖಾಲಿಯನ್ನು ಈಗ ತುಂಬಿಕೊಡುವವರು ಯಾರೂ ಇರಲಿಲ್ಲ, ಅದನ್ನು ಇಡಿಯಾಗಿ ಸಹಿಸಬೇಕಾಗಿತ್ತು. ಮೆಟ್ಟಿಲ ಮೇಲೆ ಹೆಂಗಸರು ಬಂದು ಕೂತಿದ್ದರು. ಎಲ್ಲರ ಫೋನಿನಲ್ಲೂ ಚುಕ್ಕೆಗಳು ಮಾಯವಾಗಿದ್ದವು. ಯಾರೂ ಪೊರಕೆ ಎತ್ತಲಿಲ್ಲ. ಒಬ್ಬೊಬ್ಬರಾಗಿ ಒಳಗೆ ಬಂದು, ತಮ್ಮ ಬೋಟು ಕೊನೆಗೆ ನಿಜವಾಗಿ ಎಲ್ಲಿತ್ತು ಎಂದು ಮೆಲ್ಲಗೆ ಕೇಳಿ ಹೋದರು.

ನೈರುತ್ಯಕ್ಕೆ ಹೋದ ಗಸ್ತು ದೋಣಿಯಿಂದ ಸುದ್ದಿ ಬಂತು: ಏನೂ ಇಲ್ಲ.

ಸೂರ್ಯ ನೀರು ಮುಟ್ಟುವ ಹೊತ್ತಿಗೆ ವೈರ್‌ಲೆಸ್ ಕರಕರ ಎಂದಿತು. ನಾಗೇಂದ್ರನ ದನಿ. "ಸಿಕ್ಕಿದ್ರು! ಬೋಟಿನ ಮೂತಿ ಒಂದೇ ಮೇಲದೆ. ಥರ್ಮಾಕೋಲು ತಬ್ಕಂಡು ತೇಲ್ತಾ ಇದ್ರು. ಎಲ್ರೂ ಜೀವಂತ ಅವ್ರೆ. ಕೇಳ್ತದ್ಯಾ? ಎಲ್ರೂ ಅವ್ರೆ!" ಹಿಂದಿನಿಂದ ತುಳಸು ಗಂಡನನ್ನು ಬೈಯುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮೇಸ್ತರು ಕುರ್ಚಿಯ ಮೇಲೆ ಕೂತು ಟವೆಲಿನಿಂದ ಮುಖ ಮುಚ್ಚಿಕೊಂಡರು.

ಅವರು ಸಿಕ್ಕಿದ್ದು ನಾನು ಹೇಳಿಕೊಟ್ಟ ಜಾಗದಿಂದ ಕಣ್ಣಳತೆಯಲ್ಲಿ.

ಗಜಾನನನ ಕಾಲು ಮುರಿದಿತ್ತು. ಆಸ್ಪತ್ರೆಯ ಮಂಚದ ಮೇಲೆ ಮಲಗಿ ನಡೆದದ್ದು ಹೇಳಿದ. ನೈರುತ್ಯದಲ್ಲಿ ಹಿಂಡು ಕಂಡಿತು, ಪಾತ್ರೆ ಬೋರಲು ಹಾಕಿದ, ಹಿಂಡಿನ ಬೆನ್ನು ಹತ್ತಿ ಎಲ್ಲೆಲ್ಲೋ ತಿರುಗಿದ. ನೀರಿನಲ್ಲಿ ಮುಳುಗಿದ್ದ ದೊಡ್ಡ ಮರದ ದಿಮ್ಮಿ ಬಡಿಯಿತು, ಎಂಜಿನ್ ಕೋಣೆಗೆ ನೀರು ನುಗ್ಗಿತು, ಬ್ಯಾಟರಿ ಸತ್ತಿತು.

"ಪಾತ್ರೆ ತೆಗಿಲಿಲ್ವನ?" ಎಂದು ಕೇಳಿದೆ.

"ತೆಗ್ದೆ. ಅಷ್ಟೊತ್ತಿಗೆ ಪೆಟ್ಟಿಗೆಗೂ ಜೀವ ಇರ್ಲಿಲ್ಲ." ಮತ್ತೆ, "ಬಂಗಡೆ ಎಷ್ಟಿತ್ತು ಗೊತ್ತದ್ಯಾ ಅಕ್ಕ..." ಎಂದ. ತುಳಸು ಅವನ ಬಾಯಿಗೆ ಕೈ ಅಡ್ಡ ಹಿಡಿದಳು.

ಆಮೇಲೆ ಕಂಪನಿಯ ಎಂಜಿನಿಯರ್ ಬಂದರು, ಸಜ್ಜನರು. ನಾವಿಬ್ಬರೂ ಒಂದು ಹಗಲಿಡೀ ಕೂತು ಯೋಚಿಸಿದೆವು. ಬೇರೆ ಬೋಟುಗಳು ಆ ದಿನ ಪ್ರವಾಹಕ್ಕೆ ಸಿಕ್ಕು ವಾಲಿದ ರೀತಿಯಿಂದ ಕಾರ್ಡು ನೀರಿನ ಎಳೆತವನ್ನು ಅಂದಾಜು ಮಾಡಿ, ನಿಂತ ಬೋಟು ಎಲ್ಲಿಗೆ ತೇಲೀತೆಂದು ಲೆಕ್ಕ ಹಾಕಿರಬಹುದು ಎಂದು ಅವರು ಹೇಳಿದರು. ಆದರೆ ಬೋಟು ಬರೀ ತೇಲಿದ್ದಲ್ಲ. ಎಂಜಿನ್ ಕೆಡುವವರೆಗೆ ಹಿಂಡಿನ ಹಿಂದೆ ಓಡಿತ್ತು. ಅದು ಕಾರ್ಡಿಗೆ ಹೇಗೆ ಗೊತ್ತಾಗಬೇಕು? ಪಾತ್ರೆಯ ಅಂಚಿನ ಸಂದಿಯಿಂದ ಅರ್ಧಂಬರ್ಧ ಸುದ್ದಿ ಸೋರಿರಬಹುದೇ ಎಂದು ನಾನು ಕೇಳಿದೆ. ಉಪಗ್ರಹದ ದಾಖಲೆಯಲ್ಲಿ ಅಂಥದ್ದೇನೂ ಇಲ್ಲ ಎಂದರು. ಬರೀ ಕಸ, ಕಾಕತಾಳೀಯ ಎನ್ನಲೂಬಹುದು. ಅಷ್ಟು ದೊಡ್ಡ ಕಡಲಿನಲ್ಲಿ, ಮೂರು ಸಲವೂ ಅದೇ ಜಾಗದಲ್ಲಿ?

ಈಗ ಡ್ರೈವರಿನ ಹೊಸ ಆವೃತ್ತಿ ಬಂದಿದೆ. ಊಹಿಸಿದ ಚುಕ್ಕೆಗಳು ಅದರಲ್ಲಿ ಬೂದು ಬಣ್ಣ, ನಿಜವಾದವು ಹಸಿರು. ಪರದೆ ಒಮ್ಮೆಯೂ ಹರಿಯುವುದಿಲ್ಲ; ಆ ದೋಷವನ್ನು ಪೂರ್ತಿ ತೆಗೆದಿದ್ದಾರೆ. ಪಾತ್ರೆ ಮುಚ್ಚುವುದು ಮಾತ್ರ ನಡೆದೇ ಇದೆ. ಬೇರೆ ಬಂದರಿನಲ್ಲಿ ಯಾರದಾದರೂ ಪರದೆ ಮಿನುಗಿತು ಎಂದು ಕೇಳಿದರೆ ನಾನು ರಜೆ ಹಾಕಿ ನೋಡಲು ಹೋಗುತ್ತೇನೆ. ಹೆಚ್ಚಾಗಿ ಕೇಬಲ್ ಸಡಿಲವಾಗಿರುತ್ತದೆ.

ಆ ದಿನ ಪಟ್ಟಿಯಲ್ಲಿ ಕಂಡದ್ದು ಲೆಕ್ಕವೋ ಕಸವೋ ನನಗೆ ಗೊತ್ತಿಲ್ಲ. ಎಂಜಿನಿಯರಿಗೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲು ಬೇಕಾಗಿದ್ದ ಕಾರ್ಡಿನ ಒಂದು ವರ್ಷದ ನೆನಪನ್ನು ನಾನು ಕಲಿತ ಕ್ರಮದಲ್ಲೇ, ಬೇರುಸಹಿತ, ಅಳಿಸಿದ್ದೇನೆ. ಅಂಥದೇ ಇನ್ನೊಂದು ದಿನ ಬಂದು, ಯಾವ ಕಡೆ ಹೋಗಲಿ ಎಂದು ಯಾರಾದರೂ ಕೇಳಿದರೆ ಏನು ಹೇಳಬೇಕೆಂಬುದೂ ನನಗೆ ಗೊತ್ತಿಲ್ಲ.